ಇಸಿ ಅಂದ್ರೆ ಯಾವ ಇಸಿ?

ಇಸಿ ಎಂದರೆ ಏನು? ಬೆಂಗಳೂರಿನಲ್ಲಿ ಸೈಟು ಕೊಳ್ಳಲು ಹೊರಟವರನ್ನು ಕೇಳಿದರೆ, ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ತರಬೇಕಾದ ಋಣಭಾರ ಪ್ರಮಾಣಪತ್ರ ಎನ್ನುತ್ತಾರೆ. ಚುನಾವಣೆ ಹತ್ತಿರ ಬಂದಾಗ ಕೇಳಿದರೆ ಚುನಾವಣಾ ಆಯೋಗ. ನಾನು ಕೆಲಸ ಮಾಡುವ ದಿಂಡೋರಿಯ ದ್ರಾಕ್ಷಿ ತೋಟದಲ್ಲಿ ನಿಂತು ಕೇಳಿದರೆ ಇನ್ನೂ ಎರಡು ಉತ್ತರ ಸಿಗುತ್ತವೆ. ಹನಿ ನೀರಾವರಿಯ ಪಂಪಿನ ಬಳಿ ಇರುವವರಿಗೆ ಇಸಿ ಎಂದರೆ ಎಲೆಕ್ಟ್ರಿಕಲ್ ಕಂಡಕ್ಟಿವಿಟಿ, ಅಂದರೆ ನೀರಿನಲ್ಲಿ ಎಷ್ಟು ಉಪ್ಪು ಕರಗಿದೆ ಎಂದು ತಿಳಿಸುವ ಅಳತೆ. ಔಷಧಿ ಡಬ್ಬಿ ಹಿಡಿದವರಿಗೆ ಅದೇ ಇಸಿ ಎಮಲ್ಸಿಫೈಯಬಲ್ ಕಾನ್ಸಂಟ್ರೇಟ್, ಅಂದರೆ ನೀರಿಗೆ ಸುರಿದರೆ ಹಾಲಿನಂತೆ ಬೆಳ್ಳಗಾಗುವ ದ್ರವ ಔಷಧಿ.

ಈ ಕೊನೆಯ ಎರಡೂ ಇಸಿಗಳು ನಮ್ಮ ಕಂಪನಿಯ ಒಂದೇ ಸಾಫ್ಟ್‌ವೇರಿನಲ್ಲಿವೆ. ಒಂದು ನೀರಿನ ಪುಟದಲ್ಲಿ, ಇನ್ನೊಂದು ಸಿಂಪಡಣೆಯ ಪುಟದಲ್ಲಿ. ಆ ಸಾಫ್ಟ್‌ವೇರಿನ ಕೈಪಿಡಿಗಳನ್ನು ಬರೆಯುವುದು ನನ್ನ ಕೆಲಸ. ಇಂಗ್ಲಿಷಿನಲ್ಲಿ ಟೆಕ್ನಿಕಲ್ ರೈಟರ್ ಎಂಬ ದೊಡ್ಡ ಹೆಸರಿದೆ. ಊರಲ್ಲಿ ಯಾರಾದರೂ ಕೇಳಿದರೆ, ಮಷೀನು ಕೊಂಡಾಗ ಜೊತೆಗೆ ಒಂದು ಪುಸ್ತಕ ಬರುತ್ತದಲ್ಲ, ಯಾರೂ ಓದದ ಪುಸ್ತಕ, ಅದನ್ನು ಬರೆಯುವವಳು ನಾನು ಎಂದು ಹೇಳುತ್ತೇನೆ.

ದಿಂಡೋರಿ ಎಂದ ಕೂಡಲೇ ಕೆಲವರು ಮಧ್ಯಪ್ರದೇಶವೇ ಎಂದು ಕೇಳುತ್ತಾರೆ. ನರ್ಮದೆಯ ದಂಡೆಯಲ್ಲಿ ಆ ಹೆಸರಿನ ಜಿಲ್ಲೆಯೇ ಇದೆ. ನನ್ನದು ಅದಲ್ಲ. ಇದು ಮಹಾರಾಷ್ಟ್ರದ ನಾಸಿಕದಿಂದ ಉತ್ತರಕ್ಕೆ ಸುಮಾರು 25 ಕಿಲೋಮೀಟರ್ ದೂರದ ತಾಲ್ಲೂಕು ಕೇಂದ್ರ. ಸುತ್ತ ಎಲ್ಲಿ ನೋಡಿದರೂ ದ್ರಾಕ್ಷಿ ಚಪ್ಪರ. ರೈತರೇ ಕಟ್ಟಿದ ದೊಡ್ಡ ಕಂಪನಿ ಸಹ್ಯಾದ್ರಿ ಫಾರ್ಮ್ಸ್ ಇದೇ ತಾಲ್ಲೂಕಿನ ಮೋಹಾಡಿಯಲ್ಲಿದೆ. ನಾನಿರುವುದು ಅಲ್ಲಲ್ಲ. ತೋಟದ ದಾಖಲೆ ಇಡುವ ಆ್ಯಪ್ ಮಾಡುವ ಒಂದು ಸಣ್ಣ ಕಂಪನಿ ನಮ್ಮದು. ಎಂಜಿನಿಯರುಗಳು ನಾಸಿಕದಲ್ಲಿ ಕೂರುತ್ತಾರೆ, ರೈತರ ಕರೆ ಸ್ವೀಕರಿಸುವ ತಂಡ ಛತ್ರಪತಿ ಸಂಭಾಜಿನಗರದಲ್ಲಿದೆ, ನಾನು ಮತ್ತು ಕ್ಷೇತ್ರಾಧಿಕಾರಿಗಳು ದಿಂಡೋರಿಯಲ್ಲಿ. ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ನನಗೆ ದ್ರಾಕ್ಷಿಯೇನೂ ಹೊಸದಲ್ಲ. ನಮ್ಮಲ್ಲಿ ಒಣದ್ರಾಕ್ಷಿ ಹೆಚ್ಚು, ಇಲ್ಲಿ ರಫ್ತಿಗೆ ಹೋಗುವ ಹಸಿ ದ್ರಾಕ್ಷಿ. ಹೊಸದೆನಿಸಿದ್ದು ಇಲ್ಲಿನ ಮಾತು. ಅರವತ್ತು ದಾಟಿದ ರೈತರು ನನ್ನನ್ನು 'ತಾಈ' ಎಂದು ಕರೆದಾಗ ಮೊದಮೊದಲು ಸಂಕೋಚವಾಗುತ್ತಿತ್ತು. ಮರಾಠಿಯಲ್ಲಿ ಅದು ಅಕ್ಕ, ನಮ್ಮ ಕಿವಿಗೆ ತಾಯಿ. ಪೂರ್ತಿ ಪದವೇ ಹೀಗೆ ಗಡಿ ದಾಟಿದರೆ ಬೇರೆ ಅರ್ಥ ಕೊಡುವಾಗ, ಅರ್ಧ ಪದದ ಗತಿ ಏನು?

ಮೊಟಕು ಮಾಡುವುದು ಹೊಸದಲ್ಲ

ಮೊದಲೇ ಹೇಳಿಬಿಡುತ್ತೇನೆ, ಸಂಕ್ಷೇಪಗಳ ಮೇಲೆ ನನಗೆ ಸಿಟ್ಟಿಲ್ಲ. ಮಾತಾಡುವ ಮನುಷ್ಯ ಉದ್ದದ್ದನ್ನು ಗಿಡ್ಡ ಮಾಡಿಯೇ ಮಾಡುತ್ತಾನೆ. ಮಹಾರಾಷ್ಟ್ರದಲ್ಲಿ ಜಮೀನಿನ ದಾಖಲೆಗೆ 'ಸಾತ್‌ಬಾರಾ' ಎನ್ನುತ್ತಾರೆ. ಗ್ರಾಮ ಲೆಕ್ಕದ 7ನೇ ಮತ್ತು 12ನೇ ನಮೂನೆಗಳು ಸೇರಿ ಆದ ಹೆಸರು ಅದು. ಸಾಫ್ಟ್‌ವೇರ್ ಜನ ಕುಬರ್ನೆಟಿಸ್ ಎಂಬ ಉದ್ದ ಹೆಸರನ್ನು 'ಕೆ8ಎಸ್' ಎಂದು ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಬರೆದರೆ ಕೆ ಮತ್ತು ಎಸ್ ನಡುವೆ ಎಂಟು ಅಕ್ಷರ, ಅದಕ್ಕೇ 8. ತಲಾಠಿ ಕಚೇರಿಯ ಜಾಣತನವೂ ಕಂಪ್ಯೂಟರ್ ಜನರ ಜಾಣತನವೂ ಒಂದೇ ತೆರನಾದದ್ದು.

ನಮ್ಮ ಕಡೆಗೆ ಬನ್ನಿ. ಅದೇ ಜಮೀನಿನ ದಾಖಲೆಗೆ ವಿಜಯಪುರದಲ್ಲಿ ಉತಾರ, ಮೈಸೂರು ಕಡೆ ಪಹಣಿ, ಸರ್ಕಾರಿ ಬಾಯಲ್ಲಿ ಆರ್‌ಟಿಸಿ. 'ರೆಕಾರ್ಡ್ ಆಫ್ ರೈಟ್ಸ್, ಟೆನೆನ್ಸಿ ಅಂಡ್ ಕ್ರಾಪ್ಸ್' ಎಂದು ಬಿಡಿಸಿ ಹೇಳಿದವರನ್ನು ನಾನು ಇನ್ನೂ ನೋಡಿಲ್ಲ. ಹೈದರಾಬಾದಿನ ಸಹೋದ್ಯೋಗಿಗೆ ಆರ್‌ಟಿಸಿ ಎಂದರೆ ಸರ್ಕಾರಿ ಬಸ್ಸು. ಹಾರ್ಡ್‌ವೇರ್ ಎಂಜಿನಿಯರಿಗೆ ಅದು ರಿಯಲ್ ಟೈಮ್ ಕ್ಲಾಕ್, ಯಂತ್ರದೊಳಗಿನ ಗಡಿಯಾರ.

ಸಂಕ್ಷೇಪಗಳಿಗೆ ಇನ್ನೊಂದು ಗುಣವಿದೆ. ಮೂಲ ಹೆಸರು ಸತ್ತರೂ ಅವು ಸಾಯುವುದಿಲ್ಲ. ಕರ್ನಾಟಕ ವಿದ್ಯುತ್ ಮಂಡಳಿ 1999ರಲ್ಲೇ ಕೆಪಿಟಿಸಿಎಲ್ ಆಯಿತು, 2002ರಲ್ಲಿ ನಮ್ಮ ಭಾಗಕ್ಕೆ ಹೆಸ್ಕಾಂ ಬಂತು. ಆದರೂ ನಮ್ಮೂರಲ್ಲಿ ಕರೆಂಟು ಹೋದರೆ ಬೈಸಿಕೊಳ್ಳುವುದು ಇವತ್ತಿಗೂ ಕೆಇಬಿಯೇ. ಬಿಜಾಪುರ 2014ರ ನವೆಂಬರ್ 1ರಂದು ವಿಜಯಪುರವಾಯಿತು, ರೈಲ್ವೆಯಲ್ಲಿ ಟಿಕೆಟ್ ಮಾಡಿಸುವಾಗ ನಾನು ಒತ್ತುತ್ತಾ ಬಂದ ಕೋಡ್ ಮಾತ್ರ ಬಿಜೆಪಿ. ಯಾವ ಪಕ್ಷದವರೂ ಬೇಸರಪಡಬೇಕಿಲ್ಲ, ಅದು ಬಿಜಾಪುರದ ಇಂಗ್ಲಿಷ್ ಅಕ್ಷರಗಳಿಂದ ಆರಿಸಿದ್ದು. ಔರಂಗಾಬಾದ್ ಛತ್ರಪತಿ ಸಂಭಾಜಿನಗರವಾದ ಮೇಲೂ ಅಲ್ಲಿನ ಗಾಡಿಗಳ ಮೇಲೆ ಎಂಎಚ್-20 ಹಾಗೆಯೇ ಇದೆ.

ಊರಿನವರೆಲ್ಲ ಬಲ್ಲ ಸಂಕ್ಷೇಪ ಊರಿನ ಒಳಗೆ ಚೆನ್ನಾಗಿ ಓಡುತ್ತದೆ. ಕೈಪಿಡಿ ಬರೆಯುವುದು ಮಾತ್ರ ಊರಿಗೆ ಹೊಸದಾಗಿ ಬಂದವರಿಗಾಗಿ. ತೊಂದರೆ ಶುರುವಾಗುವುದು ಇಲ್ಲೇ.

ಆರು ಎಂದು ಬರೆದ ರೈತ

ನಾನು ಈ ಕೆಲಸಕ್ಕೆ ಸೇರುವ ಮೊದಲಿನ ಒಂದು ಸಂಗತಿ ಹೇಳುತ್ತೇನೆ. ಸಿಂಪಡಣೆಯ ಪುಟದಲ್ಲಿ ಒಂದು ಖಾನೆ ಇತ್ತು. ಅದರ ಮೇಲೆ ಬರೆದದ್ದು ಇಷ್ಟೇ: ಪಿಎಚ್‌ಐ. ಹಳೆಯ ಕೈಪಿಡಿ ತೆರೆದರೆ ಅಲ್ಲಿ ಸಿಗುತ್ತಿದ್ದ ವಿವರಣೆ: 'ಪಿಎಚ್‌ಐ ನಮೂದಿಸಿ, ಮುಂದಿನ ಬಟನ್ ಒತ್ತಿ.'

ಕೃಷಿ ರಸಾಯನದ ಲೋಕದಲ್ಲಿ ಪಿಎಚ್‌ಐ ಎಂದರೆ ಪ್ರೀ ಹಾರ್ವೆಸ್ಟ್ ಇಂಟರ್ವಲ್. ಕೊನೆಯ ಸಾರಿ ಔಷಧಿ ಹೊಡೆದ ಮೇಲೆ ಹಣ್ಣು ಕೊಯ್ಯಲು ಎಷ್ಟು ದಿನ ಕಾಯಬೇಕು ಎಂಬ ಲೆಕ್ಕ. ಒಂದೊಂದು ಔಷಧಿಗೆ ಒಂದೊಂದು ಅವಧಿ. ಪುಣೆಯ ಬಳಿ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ದ್ರಾಕ್ಷಿಗೆ ಅನುಮತಿ ಇರುವ ಔಷಧಿಗಳ ಪಟ್ಟಿ ಪ್ರಕಟಿಸುತ್ತದೆ. ಅದರಲ್ಲಿ ಪ್ರತಿಯೊಂದರ ಎದುರಿಗೂ ಈ ದಿನಗಳ ಸಂಖ್ಯೆ ಇರುತ್ತದೆ. ಅಮೆರಿಕದ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವವರನ್ನು ಕೇಳಿದರೆ, ಇದೇ ಪಿಎಚ್‌ಐ ರೋಗಿಯ ಖಾಸಗಿ ಆರೋಗ್ಯ ಮಾಹಿತಿ ಆಗಿಬಿಡುತ್ತದೆ. ನಮ್ಮ ತಂಡದಲ್ಲಿ ಅಂಥ ಕಂಪನಿಗಳಿಂದ ಬಂದ ಹುಡುಗರೂ ಇದ್ದರು.

ಕಾದವಾ ನದಿ ಬದಿಯ ಹಳ್ಳಿಯ ರೈತರೊಬ್ಬರು ಆ ಖಾನೆಯಲ್ಲಿ 6 ಎಂದು ತುಂಬಿದ್ದರು. ಸಾಫ್ಟ್‌ವೇರ್ ಅದನ್ನು ಆರು ದಿನ ಎಂದು ತಿಳಿದು, ಆರನೆಯ ದಿನ ದಾಟಿದ ಮೇಲೆ ತೋಟದ ಹೆಸರಿನ ಮುಂದೆ ಹಸಿರು ಗುರುತು ಹಾಕಿತು, ಕೊಯ್ಯಬಹುದು ಎಂದು. ಡಬ್ಬಿಯ ಮೇಲಿದ್ದ ಅವಧಿ ಅದಕ್ಕಿಂತ ಬಹಳ ಹೆಚ್ಚು. ಕೊಯ್ಲಿನ ಕೂಲಿಯವರು ಬರುವ ಹಿಂದಿನ ದಿನ ಕ್ಷೇತ್ರಾಧಿಕಾರಿ ಡಬ್ಬಿ ತಿರುಗಿಸಿ ನೋಡಿದ್ದರಿಂದ ಹಣ್ಣು ಬಳ್ಳಿಯಲ್ಲೇ ಉಳಿಯಿತು. ಆದರೆ ರಫ್ತುದಾರರ ಕಂಟೇನರ್ ಬೇರೆ ತೋಟದ ಹಣ್ಣು ತುಂಬಿಕೊಂಡು ಹೋಯಿತು. ಅವರ ಮಾಲು ಎರಡು ವಾರ ತಡವಾಗಿ ಸ್ಥಳೀಯ ಮಾರುಕಟ್ಟೆಗೆ ಕಡಿಮೆ ದರಕ್ಕೆ ಹೋಯಿತು.

ಆಮೇಲೆ ಒಂದು ದಿನ ಅವರನ್ನು ಭೇಟಿಯಾದಾಗ, ಆ ಆರು ಎಲ್ಲಿಂದ ಬಂತು ಎಂದು ಕೇಳಿದೆ.

"ಪಾಣ್ಯಾಚಾ ಪೀಎಚ್ ವಿಚಾರಲಾ ಅಸೇಲ್ ಅಸಂ ವಾಟ್‌ಲಂ, ತಾಈ" ಎಂದರು. ನೀರಿನ ಪಿಎಚ್ ಕೇಳಿರಬೇಕು ಅಂದುಕೊಂಡೆ ಅಕ್ಕಾ, ಎಂದು.

ಔಷಧಿ ಬೆರೆಸುವ ಮೊದಲು ನೀರಿನ ಆಮ್ಲತೆ ನೋಡುವುದು ಇಲ್ಲಿನ ಒಳ್ಳೆಯ ರೈತರ ಅಭ್ಯಾಸ. ಅವರ ಬಳಿ ಅದನ್ನು ಅಳೆಯುವ ಸಣ್ಣ ಮೀಟರೂ ಇತ್ತು. ಪಿಎಚ್ ಅವರಿಗೆ ಗೊತ್ತಿದ್ದ ಸಂಗತಿ, ಪಕ್ಕದಲ್ಲಿ ಇನ್ನೊಂದು ಅಕ್ಷರ ಯಾಕಿದೆ ಎಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ. ಮೀಟರು ಸರಿಯಾಗಿತ್ತು, ಅಳತೆ ಸರಿಯಾಗಿತ್ತು, ಅವರು ಮಾಡಿದ್ದೆಲ್ಲ ಸರಿಯಾಗಿತ್ತು. ಅವರ ಜಾಗದಲ್ಲಿ ನಮ್ಮಪ್ಪ ಇದ್ದಿದ್ದರೂ ಅದನ್ನೇ ಬರೆಯುತ್ತಿದ್ದರು.

ಮರಾಠಿಯಲ್ಲಿ ಇದಕ್ಕೆ 'ಕಾಢಣೀಪೂರ್ವ ಕಾಲಾವಧಿ' ಎಂಬ ಪದ ಇದ್ದೇ ಇದೆ. ಕನ್ನಡದಲ್ಲಾದರೆ ಕೊಯ್ಲಿಗೆ ಮುಂಚೆ ಕಾಯಬೇಕಾದ ದಿನ. ಈ ನಾಲ್ಕು ಪದ ಬರೆಯಲು ತಗಲುತ್ತಿದ್ದುದು ನಾಲ್ಕು ಸೆಕೆಂಡು.

ಮೂರನೆಯ ಸಿ ಎಲ್ಲಿಂದ ಬಂತು?

ದಾಖಲೆಯಲ್ಲಿನ ಹೆಸರು ದ್ರಾಕ್ಷಿ ಬೆಳೆಗಾರರಿಗೆ ಯಾಕೆ ಇಷ್ಟು ಮುಖ್ಯ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 2003ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಭಾರತದ ದ್ರಾಕ್ಷಿಯಲ್ಲಿ ಕೀಟನಾಶಕದ ಶೇಷ ಸಿಕ್ಕಿ ಗದ್ದಲವಾಯಿತು. ಆ ಪಾಠದಿಂದ ಹುಟ್ಟಿದ್ದು ಶೇಷ ಪರೀಕ್ಷೆಯ ವ್ಯವಸ್ಥೆ ಮತ್ತು ಅದರ ಬೆನ್ನಿಗೆ 2006ರ ಸುಮಾರಿಗೆ ಬಂದ ಗ್ರೇಪ್‌ನೆಟ್ ಎಂಬ ಸಾಫ್ಟ್‌ವೇರ್. ನಡೆಸುವುದು ಅಪೆಡಾ, ಅಂದರೆ ಕೃಷಿ ಮತ್ತು ಸಂಸ್ಕರಿತ ಆಹಾರ ಉತ್ಪನ್ನಗಳ ರಫ್ತು ಅಭಿವೃದ್ಧಿ ಪ್ರಾಧಿಕಾರ. ಯುರೋಪಿಗೆ ಹೋಗುವ ದ್ರಾಕ್ಷಿಯ ಪೆಟ್ಟಿಗೆಯನ್ನು ಅದು ಬೆಳೆದ ತೋಟದವರೆಗೆ ಹಿಂದಕ್ಕೆ ಹುಡುಕಬಹುದು. ತೋಟದ ನೋಂದಣಿ, ಪ್ರಯೋಗಾಲಯದ ವರದಿ, ಪ್ಯಾಕ್‌ಹೌಸ್, ಪ್ರಮಾಣಪತ್ರ ಎಲ್ಲವೂ ಒಂದೇ ಸರಪಳಿಯಲ್ಲಿ.

ಇಷ್ಟಾದರೂ 2010ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಯುರೋಪ್ ತಲುಪಿದ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಎಂಬ ರಸಾಯನ ಅಲ್ಲಿನ ಮಿತಿ ಮೀರಿ ಸಿಕ್ಕಿತು. ಮಿತಿ ಇದ್ದದ್ದು ಕಿಲೋಗೆ 0.05 ಮಿಲಿಗ್ರಾಂ. ಇದು ಕೀಟನಾಶಕವಲ್ಲ, ಬಳ್ಳಿ ಸುಮ್ಮನೆ ಚಿಗುರುತ್ತಾ ಹೋಗದಂತೆ ತಡೆದು ಹಣ್ಣು ಕಟ್ಟಲು ನೆರವಾಗುವ ಬೆಳವಣಿಗೆ ನಿಯಂತ್ರಕ. ಏಪ್ರಿಲ್ ಚಾಟಣಿಯ ನಂತರ ಹೊಡೆಯುತ್ತಾರೆ, ಕೊಯ್ಲು ಬರುವುದು ಎಷ್ಟೋ ತಿಂಗಳ ಮೇಲೆ. ಕೊಯ್ಲಿಗೆ ಮೊದಲು ಪರೀಕ್ಷಿಸಬೇಕಾದ ರಸಾಯನಗಳ ಪಟ್ಟಿಯಲ್ಲಿ ಆಗ ಅದರ ಹೆಸರು ಇರಲಿಲ್ಲ. ವರದಿ ಕೈಯಲ್ಲಿ ಹಿಡಿದು, ಎಲ್ಲ ಸರಿಯಿದೆ ಎಂದು ಹಣ್ಣು ಕಳಿಸಿದ ನಾಸಿಕ ಭಾಗದ ರೈತರೂ ರಫ್ತುದಾರರೂ ಆ ವರ್ಷ ಭಾರಿ ನಷ್ಟ ಅನುಭವಿಸಿದರು. ಆ ನೆನಪು ಇಲ್ಲಿನವರಿಗೆ ಇನ್ನೂ ಹಸಿಯಾಗಿದೆ.

ಆ ಅನಾಹುತಕ್ಕೆ ಸಂಕ್ಷೇಪ ಕಾರಣ ಎಂದು ನಾನು ಹೇಳುತ್ತಿಲ್ಲ. ನನ್ನ ಕುತೂಹಲ ಬೇರೆ. ಇದೇ ರಸಾಯನಕ್ಕೆ ದಿಂಡೋರಿಯ ರೈತರು 'ಸಿಸಿಸಿ' ಎನ್ನುತ್ತಾರೆ. ಕೆಲವರು ಹಳೆಯ ಬ್ರ್ಯಾಂಡಿನ ಹೆಸರು ಹಿಡಿದು 'ಲಿಹೋಸಿನ್' ಎನ್ನುತ್ತಾರೆ. ಪ್ರಯೋಗಾಲಯದ ಕಾಗದದ ಮೇಲೆ ಬರುವುದು ಕ್ಲೋರ್‌ಮೆಕ್ವಾಟ್ ಕ್ಲೋರೈಡ್. ಈ ಹೆಸರಿನಲ್ಲಿ ಸಿ ಅಕ್ಷರದಿಂದ ಶುರುವಾಗುವ ಪದಗಳು ಎರಡೇ. ಮೂರನೆಯ ಸಿ ಎಲ್ಲಿಂದ ಬಂತು? ಹಳೆಯ ರಾಸಾಯನಿಕ ಹೆಸರಿನಿಂದ: ಕ್ಲೋರೋ ಕೋಲಿನ್ ಕ್ಲೋರೈಡ್. ಹೆಸರು ಬದಲಾಯಿತು, ಗಿಡ್ಡ ಹೆಸರು ಉಳಿಯಿತು, ನಮ್ಮ ಕೆಇಬಿಯ ಹಾಗೆ.

ರೈತರು ಡೈರಿಯಲ್ಲಿ ಸಿಸಿಸಿ ಎಂದು ಬರೆದರೆ, ಅದನ್ನು ಹಾಗೆಯೇ ಆ್ಯಪಿಗೆ ತುಂಬಿದರೆ, ಕಂಪ್ಯೂಟರಿಗೆ ಅದೂ ಕ್ಲೋರ್‌ಮೆಕ್ವಾಟ್ ಕ್ಲೋರೈಡೂ ಎರಡು ಬೇರೆ ವಸ್ತುಗಳು. ಒಂದರ ಹೆಸರಿನಲ್ಲಿ ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಮನುಷ್ಯರ ನಡುವೆ ಸಂಕ್ಷೇಪ ಗೊಂದಲ ತಂದರೆ ಯಾರೋ ಒಬ್ಬರು "ಏನು ಹೇಳಿದ್ರಿ?" ಎಂದು ಕೇಳುತ್ತಾರೆ. ಯಂತ್ರ ಕೇಳುವುದಿಲ್ಲ.

ಎಂಜಿನಿಯರ್ ಹೇಳಿದ್ದರಲ್ಲೂ ನ್ಯಾಯವಿದೆ

ಕೈಪಿಡಿಯನ್ನು ಹೊಸದಾಗಿ ಬರೆಯಲು ಕೂತಾಗ ನಮ್ಮ ಹಿರಿಯ ಎಂಜಿನಿಯರ್ ಒಬ್ಬರ ಜೊತೆ ನನಗೆ ವಾರಗಟ್ಟಲೆ ವಾದವಾಯಿತು. ಅವರು ನಾಸಿಕದವರು, ಒಳ್ಳೆಯ ಮನುಷ್ಯ, ಮಾತು ಕಡಿಮೆ. "ನೀವು ಕಾನ್ಫಿಗ್ ಅನ್ನುವ ಕಡೆಯೆಲ್ಲ ಕಾನ್ಫಿಗರೇಶನ್ ಅಂತ ಬರೆದಿದ್ದೀರಿ, ರೆಪೊ ಇದ್ದಲ್ಲೆಲ್ಲ ರೆಪಾಸಿಟರಿ ಮಾಡಿದ್ದೀರಿ. ಜಗತ್ತಿನ ಯಾವ ಪ್ರೋಗ್ರಾಮರ್ ಹೀಗೆ ಮಾತಾಡ್ತಾನೆ?" ಎಂಬುದು ಅವರ ಪ್ರಶ್ನೆ.

ಅವರ ಮಾತಿನಲ್ಲಿ ಒಂದು ಅಂಶ ಪೂರ್ತಿ ಸರಿ. ಆದೇಶ ಟೈಪ್ ಮಾಡುವಾಗ 'ಗಿಟ್ ಕಾನ್ಫಿಗ್' ಎಂದೇ ಟೈಪ್ ಮಾಡಬೇಕು. ಅಲ್ಲಿ ಶುದ್ಧ ಇಂಗ್ಲಿಷ್ ಬೇಕೆಂದು ಕಾನ್ಫಿಗರೇಶನ್ ಎಂದು ಬರೆದರೆ ಯಂತ್ರ ತಪ್ಪು ಎನ್ನುತ್ತದೆ. ಕಡತದ ಹೆಸರು, ಆದೇಶ, ಪರದೆಯ ಮೇಲಿನ ಬಟನ್, ಇವು ಹೇಗಿವೆಯೋ ಹಾಗೆಯೇ ಕೈಪಿಡಿಯಲ್ಲಿ ಬರಬೇಕು. ಕೆಲವು ಸಂಕ್ಷೇಪಗಳು ಪದಗಳೇ ಆಗಿಹೋಗಿವೆ. ಸಿಮ್, ಪಿಡಿಎಫ್, ಜಿಪಿಎಸ್, ಆ್ಯಪ್, ಇವನ್ನು ಬಿಡಿಸಿ ಬರೆದರೆ ಓದುವವರಿಗೆ ಉಪಕಾರಕ್ಕಿಂತ ಉಪದ್ರವವೇ ಹೆಚ್ಚು. ಎಸ್ಸೆಸ್ಸೆಲ್ಸಿಯನ್ನು ಬಿಡಿಸಿ ಹೇಳುವವರು ಯಾರಿದ್ದಾರೆ?

ಬಿಡಿಸಿ ಬರೆದ ಮಾತ್ರಕ್ಕೆ ಅರ್ಥವಾಗುತ್ತದೆ ಎಂಬುದೂ ಸುಳ್ಳು. ಇಸಿ ಬದಲು ಎಲೆಕ್ಟ್ರಿಕಲ್ ಕಂಡಕ್ಟಿವಿಟಿ ಎಂದರೆ ರೈತರಿಗೆ ನೀರಿನಲ್ಲಿ ಕರೆಂಟು ಹರಿಯುತ್ತದೋ ಏನೋ ಎಂಬ ಭಯ ಹುಟ್ಟಬಹುದು. ನೀರಿನ ಉಪ್ಪಿನ ಅಳತೆ ಎಂದರೆ ಸಾಕು. ಹಾಗೆಯೇ ಎಂ-45 ಎಂದರೆ ಭಾರತದ ಯಾವ ಹಳ್ಳಿಯ ಔಷಧಿ ಅಂಗಡಿಯಲ್ಲೂ ಡಬ್ಬಿ ತೆಗೆದು ಕೊಡುತ್ತಾರೆ. ಮ್ಯಾಂಕೋಜೆಬ್ ಎಂಬ ಸರಿಯಾದ ಹೆಸರನ್ನು ಮಾತ್ರ ಬರೆದು ಎಂ-45 ಬಿಟ್ಟರೆ, ಸರಿ ಬರೆದೂ ಕೆಟ್ಟ ಕೈಪಿಡಿಯಾಗುತ್ತದೆ.

ಹಾಗಾದರೆ ಜಗಳ ಯಾವುದರ ಬಗ್ಗೆ? ಇಂಗ್ಲಿಷ್ ಸರಿಯೋ ತಪ್ಪೋ ಎಂಬುದರ ಬಗ್ಗೆ ಅಲ್ಲ. ಗಿಡ್ಡ ಪದ ಬರೆಯುವವರ ಸಮಯ ಉಳಿಸುತ್ತದೆ. ಆ ಉಳಿತಾಯದ ಬಿಲ್ಲು ಹೋಗುವುದು ಓದುವವರ ಮನೆಗೆ. ಬರೆಯುವವರು ಒಬ್ಬರು, ಓದುವವರು ನೂರಾರು ಜನ. ಅವರಲ್ಲಿ ಹೊಸಬರು, ಬೇರೆ ಭಾಷೆಯವರು, ಅನುವಾದ ಮಾಡುವವರು, ಕಣ್ಣು ಕಾಣದೆ ಕೇಳಿ ಓದುವವರು ಎಲ್ಲ ಇರುತ್ತಾರೆ.

ಅನುವಾದದ ಸುದ್ದಿ ಬಂದಿದ್ದಕ್ಕೆ ಒಂದು ತಮಾಷೆ. ಔಷಧಿಯ ಪ್ರಮಾಣ ಹೇಳುವಾಗ ಎ.ಐ. ಎಂದು ಬರೆಯುವ ರೂಢಿ ಹಳೆಯದು. ಆ್ಯಕ್ಟಿವ್ ಇಂಗ್ರೀಡಿಯಂಟ್, ಅಂದರೆ ಡಬ್ಬಿಯೊಳಗೆ ನಿಜವಾಗಿ ಕೆಲಸ ಮಾಡುವ ಅಂಶ. ಕನ್ನಡ ಆವೃತ್ತಿಗಾಗಿ ಯಂತ್ರಾನುವಾದ ಮಾಡಿಸಿ ನೋಡಿದಾಗ ಹೊರಬಂದದ್ದು, ಹೆಕ್ಟೇರಿಗೆ ಇಷ್ಟು ಗ್ರಾಂ ಕೃತಕ ಬುದ್ಧಿಮತ್ತೆ! ಪರಿಶೀಲನೆಯಲ್ಲೇ ಸಿಕ್ಕಿದ್ದರಿಂದ ಎಲ್ಲರೂ ನಕ್ಕೆವು. ನಗುವಿನ ಹಿಂದೆ ಒಂದು ಲೆಕ್ಕವಿದೆ. ಡಬ್ಬಿಯೊಳಗಿನ ಕೆಲಸದ ಅಂಶ ಬೇರೆ, ಒಟ್ಟು ದ್ರವದ ತೂಕ ಬೇರೆ. ಇವೆರಡನ್ನು ಅದಲುಬದಲು ಮಾಡಿದರೆ ಪ್ರಮಾಣವೇ ತಪ್ಪುತ್ತದೆ.

ಸಂಭಾಜಿನಗರದ ನಮ್ಮ ಕರೆ ಕೇಂದ್ರದಲ್ಲೂ ಇಂಥದ್ದೊಂದು ನಡೆಯಿತು. ಪೆಟ್ಟಿಗೆಗೆ ಅಂಟಿಸುವ ಚೀಟಿ ಮುದ್ರಿಸುವ ಯಂತ್ರಕ್ಕೆ ನಮ್ಮ ಎಂಜಿನಿಯರುಗಳು ಇಟ್ಟ ಹೆಸರು ಬಿಟಿ ಪ್ರಿಂಟರ್, ಅಂದರೆ ಬ್ಲೂಟೂತ್ ಪ್ರಿಂಟರ್. ಮರಾಠವಾಡಾ ಹತ್ತಿಯ ಸೀಮೆ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕ ಮೇಲೆ ಅಲ್ಲಿ ಬಿಟಿ ಎಂದರೆ ಹತ್ತಿ ಬಿಟ್ಟು ಬೇರೇನೂ ಅಲ್ಲ. ದಾಳಿಂಬೆ ಬೆಳೆಯುವ ರೈತರೊಬ್ಬರು ಕರೆ ಮಾಡಿ, ಬಿಟಿ ಅಲ್ಲದ ಬೆಳೆಗೆ ಯಾವ ಪ್ರಿಂಟರ್ ತಗೋಬೇಕು ಎಂದು ಕೇಳಿದರಂತೆ.

ಹೊರಗೂ ಇದೇ ಕಥೆ

ಇದು ನಮ್ಮ ಸಣ್ಣ ಕಂಪನಿಯ ತಲೆನೋವು ಮಾತ್ರವಲ್ಲ. ಬ್ರಿಟನ್ ಸರ್ಕಾರದ ಜಾಲತಾಣದವರು 2016ರಲ್ಲಿ ಇ.ಜಿ., ಐ.ಇ., ಇಟಿಸಿ ಎಂಬ ಲ್ಯಾಟಿನ್ ಮೂಲದ ಮೊಟಕುಗಳನ್ನು ಕೈಬಿಡುವುದಾಗಿ ಹೇಳಿದರು. ಕಾರಣ ಬಹಳ ಸರಳ. ಇಂಗ್ಲಿಷ್ ಪರಭಾಷೆಯಾದವರಿಗೆ ಅವು ತಿಳಿಯುತ್ತಿರಲಿಲ್ಲ. ಅಂಧರಿಗೆ ಓದಿ ಹೇಳುವ ಕೆಲವು ತಂತ್ರಾಂಶಗಳು ಇ.ಜಿ.ಯನ್ನು 'ಎಗ್' ಎಂದು ಓದುತ್ತಿದ್ದವು. ಉದಾಹರಣೆ ಕೇಳಲು ಕೂತವರ ಕಿವಿಗೆ ಮೊಟ್ಟೆ! ಗೂಗಲ್ ತನ್ನ ದಾಖಲೆ ಬರಹಗಾರರಿಗಾಗಿ ಪ್ರಕಟಿಸಿರುವ ಶೈಲಿ ಕೈಪಿಡಿಯೂ ಇದನ್ನೇ ಹೇಳುತ್ತದೆ: ಇ.ಜಿ. ಬೇಡ, 'ಫಾರ್ ಎಗ್ಸಾಂಪಲ್' ಎಂದು ಬರೆಯಿರಿ. ಓದುವವರಿಗೆ ಪರಿಚಯವಿಲ್ಲದ ಸಂಕ್ಷೇಪವನ್ನು ಮೊದಲ ಸಲ ಬಂದಾಗ ಬಿಡಿಸಿ ಬರೆಯಿರಿ.

ಆಸ್ಪತ್ರೆಗಳಲ್ಲಿ ಇದು ಜೀವದ ಪ್ರಶ್ನೆ. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ ಎಂಬ ಸಂಸ್ಥೆ 2004ರಲ್ಲಿ ಬಳಸಲೇಬಾರದ ಸಂಕ್ಷೇಪಗಳ ಪಟ್ಟಿ ಮಾಡಿತು. ಯೂನಿಟ್ ಎನ್ನಲು ಬರೀ 'ಯು' ಅಕ್ಷರ ಗೀಚಿದರೆ ಅದು ಸೊನ್ನೆಯಂತೆ ಕಾಣುತ್ತದೆ, 10 ಯೂನಿಟ್ ಇನ್ಸುಲಿನ್ 100 ಆಗಿಬಿಡಬಹುದು. 'ಎಂಎಸ್' ಎಂದರೆ ನೋವು ನಿವಾರಕ ಮಾರ್ಫಿನ್ ಸಲ್ಫೇಟೂ ಆಗಬಹುದು, ಅದಕ್ಕೆ ಸಂಬಂಧವೇ ಇಲ್ಲದ ಮೆಗ್ನೀಸಿಯಂ ಸಲ್ಫೇಟೂ ಆಗಬಹುದು. ಬರೆಯುವ ವೈದ್ಯರಿಗೆ ಯಾವುದು ಎಂದು ಗೊತ್ತು, ಕೊಡುವ ನರ್ಸಿಗೆ ಗೊತ್ತಾಗಬೇಕಲ್ಲ.

ಕೇಳದೆ ಸುಮ್ಮನಿರುವವರು

ಇದನ್ನೆಲ್ಲ ಈ ಅಂಕಣದಲ್ಲಿ ಬರೆಯಲು ಕಾರಣ ಇಂಡಿ ತಾಲ್ಲೂಕಿನ ಒಬ್ಬ ಹುಡುಗಿ. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಎಂಜಿನಿಯರಿಂಗ್. ಮನೆಯಲ್ಲಿ ಮೊದಲ ಇಂಜಿನಿಯರ್. ನಮ್ಮ ನಾಸಿಕ ಕಚೇರಿಗೆ ಸೇರಿ ಎರಡು ವಾರವಾಗಿತ್ತು. ನಾನು ಕನ್ನಡದವಳು ಎಂದು ಗೊತ್ತಾಗಿ ಮಧ್ಯಾಹ್ನ ಊಟಕ್ಕೆ ಪಕ್ಕದಲ್ಲಿ ಬಂದು ಕೂತಳು. ಬುತ್ತಿಯ ಪಕ್ಕದಲ್ಲಿ ಒಂದು ಸಣ್ಣ ನೋಟುಬುಕ್ಕು.

"ಅಕ್ಕಾ, ಒಂದ್ ಕೇಳ್ಲೇನ್ರಿ? ಪಿಆರ್ ಅಂದ್ರ ಏನ್ರಿ?"

ಪುಲ್ ರಿಕ್ವೆಸ್ಟ್, ನಾನು ಬರೆದದ್ದನ್ನು ನೋಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ, ಎಂದು ಹೇಳಿದೆ. ನೋಟುಬುಕ್ಕು ತಿರುಗಿಸಿದರೆ ಪುಟದ ತುಂಬ ಇಂಥ ಪದಗಳು. ಕೆಲವಕ್ಕೆ ಎದುರಿಗೆ ಅರ್ಥ, ಕೆಲವಕ್ಕೆ ಪ್ರಶ್ನೆ ಚಿಹ್ನೆ. ಪ್ರಾಡ್ ಎಂಬುದರ ಮುಂದೆ ಪ್ರಾಡಕ್ಟ್ ಎಂದು ಬರೆದು ಹೊಡೆದುಹಾಕಿದ್ದಳು. ಅದು ಪ್ರೊಡಕ್ಷನ್, ರೈತರು ನಿಜವಾಗಿ ಬಳಸುತ್ತಿರುವ ವ್ಯವಸ್ಥೆ. ರೆಪೊ ಎಂಬುದರ ಮುಂದೆ ಬರೆದದ್ದು: 'ಆರ್‌ಬಿಐ?' ಪತ್ರಿಕೆ ಓದುವ ಮನೆಯ ಹುಡುಗಿ. ರೆಪೊ ಎಂದರೆ ರಿಸರ್ವ್ ಬ್ಯಾಂಕು ಏರಿಸಿ ಇಳಿಸುವ ಬಡ್ಡಿ ದರ ಎಂಬುದು ಅವಳಿಗೆ ಸರಿಯಾಗಿಯೇ ಗೊತ್ತಿತ್ತು.

"ಯಾರನ್ನರ ಕೇಳಬಾರದಾ?" ಎಂದೆ.

"ಎಲ್ಲಾರೂ ಗೊತ್ತಿದ್ದಂಗ ಮಾತಾಡ್ತಾರ್ರಿ. ಇಷ್ಟೂ ಗೊತ್ತಿಲ್ಲೇನು ಅಂದ್ರ? ಕನ್ನಡ ಮೀಡಿಯಂ ಅಂತ ಮದಲs ಗೊತ್ತೈತಿ ಅವ್ರಿಗೆ."

ಈ ಮಾತು ಹೊರನಾಡಿನಲ್ಲಿ ದುಡಿಯುವ ನಮ್ಮಲ್ಲಿ ಎಷ್ಟು ಜನರದ್ದಲ್ಲ? ರಿಪಾಸಿಟರಿ ಎಂಬ ಪೂರ್ತಿ ಪದವಿದ್ದರೆ ಅವಳು ನಿಘಂಟು ತೆಗೆದು ನೋಡುತ್ತಿದ್ದಳು, ಯಾರ ಹಂಗೂ ಇಲ್ಲದೆ. ಉಗ್ರಾಣ, ಕಣಜ, ಎಂದು ಅರ್ಥ ಸಿಕ್ಕುತ್ತಿತ್ತು, ಕೋಡ್ ಕೂಡಿಡುವ ಕಣಜ ಎಂದು ತಾನೇ ಜೋಡಿಸಿಕೊಳ್ಳುತ್ತಿದ್ದಳು. ಪದ ಉದ್ದವಿದ್ದರೂ ಅದಕ್ಕೆ ಬಾಗಿಲಿದೆ. ಪಿಆರ್‌ಗೆ ನಿಘಂಟಿನಲ್ಲಿ ಬಾಗಿಲಿಲ್ಲ, ಒಳಗಿದ್ದವರೇ ತೆರೆಯಬೇಕು. ಇಂಗ್ಲಿಷ್ ಕಷ್ಟ ಎಂದು ನಾವು ಅಂದುಕೊಂಡಿದ್ದರಲ್ಲಿ ಎಷ್ಟೋ ಪಾಲು ಇಂಗ್ಲಿಷೇ ಅಲ್ಲ, ಒಂದು ಕೋಣೆಯ ಒಳಮಾತು. ಇದು ಗೊತ್ತಾದರೆ ಅರ್ಧ ಹೆದರಿಕೆ ಹೋಗುತ್ತದೆ.

ಪಿಎಚ್‌ಐ ಖಾನೆಯಲ್ಲಿ ಆರು ಬರೆದ ರೈತರೂ ಈ ಹುಡುಗಿಯೂ ನನಗೆ ಒಂದೇ ಸಾಲಿನಲ್ಲಿ ಕಾಣುತ್ತಾರೆ. ಇಬ್ಬರಿಗೂ ವಿಷಯ ಗೊತ್ತಿತ್ತು. ಗೊತ್ತಿರದಿದ್ದುದು ನಾಲ್ಕು ಜನ ತಮ್ಮ ಅನುಕೂಲಕ್ಕೆ ಮಾಡಿಕೊಂಡ ಗಿಡ್ಡ ಹೆಸರು.

ಕೊನೆಗೆ ಏನು ಮಾಡಿದೆವು

ಹಿರಿಯ ಎಂಜಿನಿಯರಿಗೆ ಆ ನೋಟುಬುಕ್ಕನ್ನು, ಅವಳ ಒಪ್ಪಿಗೆ ಪಡೆದು, ತೋರಿಸಿದೆ. ಅವರು ಮೂರು ಪುಟ ಓದಿ, ಎರಡು ಪದಕ್ಕೆ ತಮಗೂ ಪೂರ್ಣ ರೂಪ ಗೊತ್ತಿಲ್ಲ ಎಂದರು. ವಾದ ಅಲ್ಲಿಗೆ ಮುಗಿಯಿತು. ಆಮೇಲೆ ಕೂತು ನಾಲ್ಕು ನಿಯಮ ಮಾಡಿಕೊಂಡೆವು. ನಿಮ್ಮ ಕಚೇರಿಗೂ ಉಪಯೋಗವಾದೀತು.

ಒಂದು, ಟೈಪ್ ಮಾಡಬೇಕಾದದ್ದು ಇದ್ದಂತೆಯೇ ಇರಲಿ, ವಿವರಿಸುವ ವಾಕ್ಯದಲ್ಲಿ ಪೂರ್ಣ ಪದ ಬರಲಿ. ಎರಡು, ಸಂಕ್ಷೇಪ ಮೊದಲು ಬಂದಾಗ ಬಿಡಿಸಿ ಬರೆಯುವುದರ ಜೊತೆಗೆ ಅದು ಏನು ಮಾಡುತ್ತದೆ ಎಂದು ಒಂದು ಸಾಲು. ಮೂರು, ಒಂದೇ ಸಾಫ್ಟ್‌ವೇರಿನಲ್ಲಿ ಎರಡು ಅರ್ಥ ಬರುವ ಸಂಕ್ಷೇಪ ಎರಡು ಕಡೆಯೂ ಬೇಡ. ನೀರಿನ ಪುಟದಲ್ಲಿ ಈಗ 'ನೀರಿನ ಉಪ್ಪಿನ ಅಳತೆ' ಎಂದಿದೆ. ಸಿಂಪಡಣೆಯ ಪುಟದಲ್ಲಿ ಇಸಿ ಎಂದು ತುಂಬುವ ಕೆಲಸವೇ ಇಲ್ಲ, ಡಬ್ಬಿಯ ಹೆಸರು ಪೂರ್ತಿ ಆರಿಸಬೇಕು. ನಾಲ್ಕು, ರೈತರು ಕರೆಯುವ ಹೆಸರು, ಡಬ್ಬಿಯ ಮೇಲಿನ ಹೆಸರು, ಪ್ರಯೋಗಾಲಯದ ಹೆಸರು, ಮೂರರಲ್ಲಿ ಯಾವುದನ್ನು ಹುಡುಕಿದರೂ ಒಂದೇ ಕಡೆ ತಲುಪಬೇಕು. ಸಿಸಿಸಿ ಎಂದು ಒತ್ತಿದರೂ ಲಿಹೋಸಿನ್ ಎಂದು ಒತ್ತಿದರೂ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಎದುರಿಗೆ ಬಂದು ನಿಲ್ಲುತ್ತದೆ.

ಎಲ್ಲವೂ ಸಲೀಸಾಗಿ ಆಗಲಿಲ್ಲ. 'ಕಾಢಣೀಪೂರ್ವ ಕಾಲಾವಧಿ' ಸಣ್ಣ ಫೋನಿನ ಪರದೆಯಲ್ಲಿ ಎರಡು ಸಾಲು ಹಿಡಿಯಿತು, ಪಕ್ಕದ ಬಟನ್ ಕೆಳಗೆ ಬಿತ್ತು. ವಿನ್ಯಾಸ ಮಾಡುವ ಹುಡುಗ ನನ್ನ ಮೇಲೆ ಎರಡು ದಿನ ಮುನಿಸಿಕೊಂಡಿದ್ದ. ಕೊನೆಗೆ ಖಾನೆಯ ಮೇಲೆ 'ಕೊಯ್ಲಿಗೆ ಎಷ್ಟು ದಿನ?' ಎಂಬ ಅರ್ಥದ ಚಿಕ್ಕ ಮರಾಠಿ ಪ್ರಶ್ನೆ ಇಟ್ಟು, ಅದರ ಮೇಲೆ ಬೆರಳಿಟ್ಟರೆ ಪೂರ್ಣ ಪದವೂ ಪಿಎಚ್‌ಐ ಎಂಬ ಹೆಸರೂ ಕಾಣುವಂತೆ ಮಾಡಿದೆವು. ಪಿಎಚ್‌ಐಯನ್ನು ಪೂರ್ತಿ ಕಿತ್ತುಹಾಕಲಿಲ್ಲ, ಯಾಕೆಂದರೆ ಸಂಶೋಧನಾ ಕೇಂದ್ರದ ಪಟ್ಟಿಯಲ್ಲಿ ರೈತರಿಗೆ ಎದುರಾಗುವುದು ಅದೇ ಹೆಸರು. ಅವಧಿಯ ಸಂಖ್ಯೆಯನ್ನು ರೈತರು ತುಂಬಬೇಕಾಗಿಯೂ ಇಲ್ಲ ಈಗ. ಔಷಧಿ ಆರಿಸಿದರೆ ಪಟ್ಟಿಯಿಂದ ತಾನೇ ಬರುತ್ತದೆ, ಡಬ್ಬಿಗೆ ಹೋಲಿಸಿ ನೋಡಿ ಎಂಬ ಸೂಚನೆಯ ಜೊತೆಗೆ.

ಬ್ಲೂಟೂತ್ ಪ್ರಿಂಟರಿಗೂ ಅದರ ಪೂರ್ತಿ ಹೆಸರು ಸಿಕ್ಕಿದೆ. ಇಂಡಿಯ ಹುಡುಗಿಯ ನೋಟುಬುಕ್ಕು ಈಗ ನಮ್ಮ ತಂಡದ ಪದಪಟ್ಟಿ, ಕೆಲಸಕ್ಕೆ ಸೇರಿದ ದಿನವೇ ಹೊಸಬರ ಕೈಗೆ ಬರುತ್ತದೆ. ಇಂಗ್ಲಿಷ್, ಮರಾಠಿ, ಹಿಂದಿಯ ಪಕ್ಕದಲ್ಲಿ ಅವಳು ಹಟ ಹಿಡಿದು ಒಂದು ಕನ್ನಡದ ಕಾಲಂ ಕೂಡ ಸೇರಿಸಿದ್ದಾಳೆ. ವಿಜಯಪುರ, ಬಾಗಲಕೋಟೆಯ ದ್ರಾಕ್ಷಿ ಬೆಳೆಗಾರರಿಗೆ ಆ್ಯಪ್ ಕೊಡುವ ಮಾತುಕತೆ ನಡೆಯುತ್ತಿದೆ, ಆಗ ಬೇಕಾಗುತ್ತದೆ ಎಂಬುದು ಅವಳ ವಾದ.

ಮೊನ್ನೆ ಆ ಕಾಲಂ ತಿದ್ದುತ್ತಿದ್ದಾಗ ಇಬ್ಬರೂ ಒಂದು ಪದದ ಹತ್ತಿರ ನಿಂತೆವು. ಜಮೀನಿನ ದಾಖಲೆಗೆ ಕನ್ನಡದಲ್ಲಿ ಏನು ಬರೆಯುವುದು? ಅವಳು ಉತಾರ ಎಂದಳು, ನಾನು ಮೈಸೂರಿನವರೂ ಓದುತ್ತಾರೆ, ಪಹಣಿ ಎಂದೆ. ಕೊನೆಗೆ ಎರಡನ್ನೂ ಬರೆದು, ಪಕ್ಕದಲ್ಲಿ ಆರ್‌ಟಿಸಿಯನ್ನೂ ಸೇರಿಸಿದೆವು. ಖಾನೆ ಸ್ವಲ್ಪ ಅಗಲ ಮಾಡಬೇಕಾಯಿತು, ಅಷ್ಟೇ.